ಬಿದ್ದವರಲ್ಲ, ಇಳಿದವರು

ಎತ್ತರವೆಂದರೆ ನನಗೆ ಚಿಕ್ಕಂದಿನಿಂದಲೂ ಅಂಜಿಕೆ. ಶಿರಸಿಯ ಕಡೆಯ ನಮ್ಮ ತೋಟದಲ್ಲಿ ಕೊನೆಗೌಡನು ಒಂದು ಅಡಿಕೆಮರದ ತುದಿಯಿಂದ ಇನ್ನೊಂದಕ್ಕೆ ಜೀಕಿಕೊಂಡು ಹೋಗುವಾಗ, ಮರ ಹತ್ತಿದವನಿಗಿಲ್ಲದ ನಡುಕ ಕೆಳಗೆ ನಿಂತ ನನಗೆ ಬರುತ್ತಿತ್ತು. ಅಂಥ ನನ್ನನ್ನು ವಿಧಿ ತಂದಿರಿಸಿದ್ದು ಮುಂಬಯಿಯಲ್ಲಿ, 17ನೆಯ ಮಹಡಿಯಲ್ಲಿರುವ ಮಗನ ಮನೆಯಲ್ಲಿ! ಬಂದು ಎರಡು ವರ್ಷವಾದರೂ ಬಟ್ಟೆ ಒಣಹಾಕುವ ಬಾಲ್ಕನಿಗೆ ಕಾಲಿಟ್ಟವನಲ್ಲ. ಮನೆಯವರೂ ಅತ್ತ ಕರೆಯುವುದನ್ನು ಬಿಟ್ಟಿದ್ದರು. ಕರೆದು ನಕ್ಕಿದ್ದರೆ ಸಹಿಸಬಹುದಿತ್ತು. ಕರೆಯದಿದ್ದುದೇ ಹೆಚ್ಚು ಚುಚ್ಚುತ್ತಿತ್ತು.

2025ರ ಜುಲೈ 15ರ ಮಧ್ಯಾಹ್ನ ಮೊಮ್ಮಗಳು ನನ್ನನ್ನು ಟೆಲಿವಿಷನ್ನಿನ ಮುಂದೆ ಕೂರಿಸಿದಳು. ಶುಭಾಂಶು ಶುಕ್ಲಾ ಅವರು ಮೂವರು ಸಂಗಡಿಗರೊಡನೆ ಅಂತರಿಕ್ಷದಿಂದ ಮರಳುವ ದಿನವದು. 1984ರಲ್ಲಿ ರಾಕೇಶ್ ಶರ್ಮಾ ಅವರು ಹೋಗಿಬಂದ ಮೇಲೆ ಭೂಮಿಯ ಕಕ್ಷೆಗೆ ಹೋದ ಎರಡನೆಯ ಭಾರತೀಯ ಪ್ರಜೆ ಇವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರೆಂದು ನಮಗೆ ತುಸು ಹೆಚ್ಚೇ ಅಭಿಮಾನ.

“ನಾನೂರು ಕಿಲೋಮೀಟರ್ ಎತ್ತರದಿಂದ ಬೀಳಬೇಕಲ್ಲ ಮಗೂ!” ಎಂದೆ.

“ಅಲ್ಲಿದ್ದಾಗಲೂ ಅವರು ಬೀಳುತ್ತಲೇ ಇದ್ದರು, ಅಜ್ಜಾ” ಎಂದಳು.

ಹುಡುಗಾಟವೆಂದುಕೊಂಡೆ. ಆದರೆ ಮಾತು ನಿಜ. ಅಷ್ಟು ಎತ್ತರದಲ್ಲಿಯೂ ಭೂಮಿಯ ಸೆಳೆತ ಇಲ್ಲಿನದರ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಇದ್ದೇ ಇರುತ್ತದೆ. ನೌಕೆ ಬೀಳುತ್ತಲೇ ಇರುತ್ತದೆ; ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೂ ಓಡುವುದರಿಂದ, ಅದು ಬಿದ್ದಷ್ಟೂ ದುಂಡನೆಯ ಭೂಮಿ ಕೆಳಗೆ ಬಾಗುತ್ತಾ ಹೋಗುತ್ತದೆ. ಮರಳುವವರು ಮಾಡಬೇಕಾದ ಕೆಲಸ ಆ ವೇಗವನ್ನು ಕಳೆಯುವುದು.

ಮೊದಲು ಎಂಜಿನುಗಳನ್ನು ಉರಿಸಿ ಓಟಕ್ಕೆ ತುಸು ತಡೆ ಹಾಕಿದರು. ಆಮೇಲೆ ಗಾಳಿಯೇ ತಡೆ. ನೌಕೆಯ ಮುಂದಿನ ಗಾಳಿ ಒತ್ತಡಕ್ಕೆ ಸಿಕ್ಕಿ, 1,500 ಡಿಗ್ರಿಗೂ ಮೀರಿ ಕಾಯುತ್ತದೆ. ಒಳಗಿನವರನ್ನು ಕಾಯುವುದು ತಳದ ಶಾಖರಕ್ಷಕ ಕವಚ. ಆ ಹೊತ್ತಿನಲ್ಲಿ ಕೆಲವು ನಿಮಿಷ ಅವರ ಮಾತು ನೆಲಕ್ಕೆ ಮುಟ್ಟದು. ಆ ಮೌನದಲ್ಲಿ ನಾನು ಹಿಡಿದದ್ದು ಕುರ್ಚಿಯ ಕೈಯೆಂದುಕೊಂಡಿದ್ದೆ, ಮೊಮ್ಮಗಳ ಮೊಣಕೈಯಾಗಿತ್ತು!

ಸುಮಾರು ಐದೂಮುಕ್ಕಾಲು ಕಿಲೋಮೀಟರ್ ಎತ್ತರದಲ್ಲಿ ಎರಡು ಚಿಕ್ಕ ಪ್ಯಾರಾಚೂಟುಗಳು, ಎರಡು ಕಿಲೋಮೀಟರ್ ಎತ್ತರದಲ್ಲಿ ನಾಲ್ಕು ದೊಡ್ಡವು ಬಿಚ್ಚಿಕೊಂಡವು. ನಮ್ಮ ಗಡಿಯಾರದಲ್ಲಿ ಮೂರು ಗಂಟೆ ಒಂದು ನಿಮಿಷಕ್ಕೆ, ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋ ತೀರದಾಚೆಯ ಕತ್ತಲೆಯ ಕಡಲಿನಲ್ಲಿ ‘ಗ್ರೇಸ್’ ನೌಕೆ ತೇಲಿತು. ನೀರನ್ನು ಮುಟ್ಟುವಾಗ ಅದಕ್ಕಿದ್ದುದು ಸೈಕಲ್ ಸವಾರನೊಬ್ಬನ ವೇಗ.

ಕೊನೆಗೌಡ ನೆನಪಾದ. ಅವನೂ ಒಮ್ಮೆಲೇ ಇಳಿಯುತ್ತಿರಲಿಲ್ಲ; ಹಿಡಿದು, ತಡೆದು, ಜಾರಿ, ಮತ್ತೆ ಹಿಡಿದು ಇಳಿಯುತ್ತಿದ್ದ. ಇಷ್ಟು ವರ್ಷ ನಾನು ಎತ್ತರವನ್ನು ನೋಡಿದ್ದೆನೇ ಹೊರತು, ಹಿಡಿತಗಳನ್ನು ಎಣಿಸಿರಲಿಲ್ಲ.

ಅಂದು ಸಂಜೆ ಮಳೆ ಹೊಡೆಯಿತು. ಸೊಸೆ ಕಚೇರಿಯಿಂದ ಬಂದಿರಲಿಲ್ಲ. ಬಾಲ್ಕನಿಯ ತುಂಬ ಬಟ್ಟೆ. ಒಂದು ಕೈಯನ್ನು ಗೋಡೆಗೆ ಊರಿ, ಕಣ್ಣನ್ನು ಹಗ್ಗದಲ್ಲಿಯೇ ನೆಟ್ಟು, ಹೆಜ್ಜೆಹೆಜ್ಜೆಗೂ ನಿಂತು ಹೋದೆ. ಎರಡು ಸೀರೆ, ಮಗನ ಒಂದು ಅಂಗಿ ಒಳಗೆ ಬಂದವು, ಉಳಿದವು ನೆನೆದವು. ಮೊಮ್ಮಗಳು ಗಡಿಯಾರ ನೋಡಿ, “ಅಜ್ಜ ಇಳಿದದ್ದು ಐದು ಗಂಟೆ ಹನ್ನೆರಡು ನಿಮಿಷಕ್ಕೆ!” ಎಂದು ಸಾರಿದಳು.

ಅಂಜಿಕೆ ಹೋಗಿಲ್ಲ. ಬಟ್ಟೆ ತೆಗೆಯುವ ಕೆಲಸ ಮಾತ್ರ ಈಗ ನನ್ನದು.