ಬಸರೂರಿನ ಅಳಿವೆಯಲ್ಲಿ ಡಚ್ಚರು

ಕರ್ನಾಟಕದ ಕರಾವಳಿಯ ಇತಿಹಾಸದಲ್ಲಿ ಪೋರ್ಚುಗೀಸರಿಗೂ ಇಂಗ್ಲಿಷರಿಗೂ ಅಧ್ಯಾಯಗಳು ಮೀಸಲಾಗಿದ್ದರೆ, ಡಚ್ಚರಿಗೆ ದೊರೆತಿರುವುದು ಒಂದೆರಡು ವಾಕ್ಯಗಳು ಮಾತ್ರ. ಮಲಯಾಳದಲ್ಲಿ ಅವರು ‘ಲಂತ’ರು, ಮರಾಠಿಯಲ್ಲಿ ‘ವಲಂದೇಜ’ರು. ನಾವು ಬಳಸುವ ‘ಡಚ್ಚರು’ ಎಂಬ ಪದ ಇಂಗ್ಲಿಷಿನಿಂದ ಬಂದುದು. ಅವರನ್ನು ನಾವು ಇಂಗ್ಲಿಷರ ಬರಹಗಳ ಮೂಲಕವೇ ಅರಿತೆವೆಂಬುದಕ್ಕೆ ಈ ಪದವೂ ಒಂದು ಸೂಚನೆ. ಅವರು ಇಲ್ಲಿ ತಂಗಿದ್ದೇಕೆ, ಯಾರ ಷರತ್ತಿನ ಮೇಲೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಡಚ್ ಹಡಗುಗಳು ಬರುವ ಮೊದಲೇ ಈ ತೀರದ ವರ್ಣನೆ ಅವರ ನಾಡನ್ನು ತಲುಪಿತ್ತು. 1583ರಿಂದ ಕೆಲವು ವರ್ಷ ಗೋವೆಯ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ ಯಾನ್ ಹೈಖೆನ್ ಫಾನ್ ಲಿನ್ಸ್‌ಖೋಟೆನ್ 1596ರಲ್ಲಿ ಪ್ರಕಟಿಸಿದ ‘ಇಟಿನೆರಾರಿಯೊ’ ಗ್ರಂಥದಲ್ಲಿ ಹೊನ್ನಾವರ, ಬಸರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನೂ ಅಲ್ಲಿ ದೊರೆಯುವ ಅಕ್ಕಿ, ಮೆಣಸುಗಳನ್ನೂ ಹೆಸರಿಸಿದ್ದನು. 1604ರಲ್ಲಿ ಸ್ಟೀವನ್ ಫಾನ್ ಡೆರ್ ಹಾಖೆನ್‌ನ ನೌಕಾಪಡೆ ಗೋವೆಯಿಂದ ದಕ್ಷಿಣಕ್ಕೆ ಇದೇ ತೀರದ ಗುಂಟ ಸಾಗಿ, ನವೆಂಬರ್‌ನಲ್ಲಿ ಕಲ್ಲಿಕೋಟೆಯ ಸಾಮೂದಿರಿಯೊಡನೆ ಒಪ್ಪಂದ ಮಾಡಿಕೊಂಡಿತು. ಅದರ ಗುರಿ ಮಲಬಾರಾಗಿತ್ತು, ಕನ್ನಡ ಕರಾವಳಿಯಲ್ಲ.

ಪರಿಸ್ಥಿತಿ ಬದಲಾದುದು 1663ರಲ್ಲಿ ಡಚ್ಚರು ಕೊಚ್ಚಿಯನ್ನು ಪೋರ್ಚುಗೀಸರಿಂದ ವಶಪಡಿಸಿಕೊಂಡ ಬಳಿಕ. ಮಲಬಾರು ಮೆಣಸಿನ ನಾಡೇ ಹೊರತು ಅಕ್ಕಿಯಲ್ಲಿ ಸ್ವಯಂಪೂರ್ಣವಲ್ಲ. ಕೋಟೆಯ ಕಾವಲು ಪಡೆಗೂ ಹಡಗಿನ ನಾವಿಕರಿಗೂ ಅನ್ನ ಬೇಕಿತ್ತು. ಗೋವೆ, ಮಲಬಾರು, ಮಸ್ಕತ್ತುಗಳಿಗೆ ಬಹುಕಾಲದಿಂದ ಅಕ್ಕಿ ಸಾಗಿಸುತ್ತಿದ್ದುದು ಕನ್ನಡ ಕರಾವಳಿ. ಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಯ ಮುಡಿ ಬಹುಕಾಲ ಕೆಡದೆ ಉಳಿಯುವಂಥದು. ಸಮುದ್ರಯಾನಕ್ಕೆ ಇದಕ್ಕಿಂತ ಅನುಕೂಲವಾದ ಕಟ್ಟು ಬೇರೊಂದಿರಲಾರದು. ಡಚ್ಚರ ಬಸರೂರು ನಂಟನ್ನು ವಿವರಿಸುವಾಗ ಮೆಣಸಿಗೆ ಕೊಡುವಷ್ಟೇ ಮಹತ್ತ್ವವನ್ನು ಅಕ್ಕಿಗೂ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಬಸರೂರು ಕಡಲ ದಡದಲ್ಲಿಲ್ಲ. ಕುಂದಾಪುರದಿಂದ ಒಳಕ್ಕೆ, ವಾರಾಹಿ ನದಿಯ ದಂಡೆಯಲ್ಲಿದೆ. ಗಂಗೊಳ್ಳಿಯ ಬಳಿ ಐದು ನದಿಗಳು ಕೂಡಿ ಕಡಲು ಸೇರುವ ಅಳಿವೆಯಲ್ಲಿ ಮರಳ ದಿಬ್ಬಗಳು ಏಳುವುದರಿಂದ ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಬೇಕು, ಸರಕನ್ನು ದೋಣಿ, ಮಂಜಿಗಳಲ್ಲಿ ಸಾಗಿಸಬೇಕು. ಮಳೆಗಾಲದಲ್ಲಿ ಅದೂ ಸಾಧ್ಯವಿಲ್ಲ. ಹೀಗೆ ಬಂದವರು ಸ್ಥಳೀಯ ಅಂಬಿಗರನ್ನೂ ವರ್ತಕರನ್ನೂ ಅವಲಂಬಿಸದೆ ಗತ್ಯಂತರವಿರಲಿಲ್ಲ. ಪಡುವಕೇರಿ, ಮೂಡುಕೇರಿಗಳ ವರ್ತಕ ಸಂಘಗಳು ವಿಜಯನಗರ ಕಾಲದ ಶಾಸನಗಳಲ್ಲಿಯೇ ಉಲ್ಲೇಖಗೊಂಡಿವೆ. ಡಚ್ಚರಿಗೆ ಅಪರಿಚಿತವಾಗಿದ್ದ ಈ ತೀರ ವ್ಯಾಪಾರಕ್ಕೆ ಅಪರಿಚಿತವಾಗಿರಲಿಲ್ಲ.

ರಾಜಕೀಯ ಷರತ್ತು ಇನ್ನೂ ಬಿಗಿಯಾಗಿತ್ತು. 1569ರಲ್ಲಿ ಬಸರೂರನ್ನು ಹಿಡಿದ ಪೋರ್ಚುಗೀಸರನ್ನು ಕೆಳದಿಯ ಶಿವಪ್ಪನಾಯಕನು 1650ರ ದಶಕದ ಪೂರ್ವಾರ್ಧದಲ್ಲಿ ಅಲ್ಲಿಂದ ಹೊರದೂಡಿದ್ದನು. 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾದಾಳಿಗೂ ಈ ಪಟ್ಟಣ ತುತ್ತಾಯಿತು. ಇದಾದ ಬಳಿಕ, ಒಂದನೆಯ ಸೋಮಶೇಖರನಾಯಕನ ಆಳ್ವಿಕೆಯಲ್ಲಿ, 1660ರ ದಶಕದ ಉತ್ತರಾರ್ಧದಲ್ಲಿ ಡಚ್ಚರ ಕೋಠಿ ಇಲ್ಲಿ ನೆಲೆಗೊಂಡಿತು. ಅದು ಗೆದ್ದ ನೆಲವಲ್ಲ, ಬಿದನೂರಿನ ಅನುಮತಿಯಿಂದ ದೊರೆತ ನೆಲೆ. ಮೆಣಸು ಘಟ್ಟ ಇಳಿದು ಬರಬೇಕು, ಅಕ್ಕಿ ಬಯಲಿನಿಂದ ಬರಬೇಕು. ಎರಡರ ದಾರಿಯೂ ಕೆಳದಿಯರಸರ ಹಿಡಿತದಲ್ಲಿತ್ತು. ಕೊಚ್ಚಿಯಲ್ಲಿ ಒಡೆಯರಾಗಿದ್ದವರೇ ಬಸರೂರಿನಲ್ಲಿ ಗಿರಾಕಿಗಳಾಗಿದ್ದರು. ಈ ವ್ಯತ್ಯಾಸವನ್ನು ಲಕ್ಷಿಸದೆ, ಐರೋಪ್ಯರು ಕಾಲಿಟ್ಟ ದಿನವೇ ಕರಾವಳಿ ಅವರ ವಶವಾಯಿತೆಂಬಂತೆ ಬರೆಯುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ.

ಕೆಳದಿ ಚೆನ್ನಮ್ಮಾಜಿಯ ಆಳ್ವಿಕೆಯ (1671–96) ನಡುವೆ, 1680ರ ದಶಕದ ಆರಂಭದಲ್ಲಿ ಈ ಕೋಠಿ ಕೊನೆಗೊಂಡಿತು. ಡಚ್ ಈಸ್ಟ್ ಇಂಡಿಯಾ ಕಂಪನಿಯ ದಾಖಲೆಗಳ ಒಂದು ಭಾಗ ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. 2003ರಲ್ಲಿ ಯುನೆಸ್ಕೊ ಕಂಪನಿಯ ದಾಖಲೆಗಳನ್ನು ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು. ‘ಕೆಳದಿನೃಪವಿಜಯ’ದ ಲಿಂಗಣ್ಣ ಕವಿಯು ಅರಸರ ವಿಜಯಗಳನ್ನು ಹಾಡಿದನು. ಅಕ್ಕಿಯ ಲೆಕ್ಕವನ್ನು ಹುಡುಕುವವರು ಹದಿನೇಳನೆಯ ಶತಮಾನದ ಡಚ್ ಕೈಬರಹವನ್ನು ಓದಲು ಕಲಿಯಬೇಕಾಗುತ್ತದೆ.