ಹತ್ತಿ ಗಿರಣಿಯ ಒಳಬೆಂಕಿ

ಕೃಷ್ಣಾ ದಂಡೆಯ ಗೂಗಲ್ ಗ್ರಾಮವಿರುವ ದೇವದುರ್ಗ ತಾಲ್ಲೂಕಿನಲ್ಲಿಯೂ ಮಾನ್ವಿಯ ಎರೆಹೊಲಗಳಲ್ಲಿಯೂ ಬಿಡಿಸಿದ ಹತ್ತಿ ಅಂಡಿಗೆಗಳಲ್ಲಿ ತುಂಬಿ ರಾಯಚೂರಿನ ಮಾರುಕಟ್ಟೆಗೆ, ಅಲ್ಲಿಂದ ಜಿನ್ನಿಂಗ್ ಗಿರಣಿಗಳಿಗೆ ಸಾಗುತ್ತದೆ. ಕಾಳಿನಿಂದ ಅರಳೆಯನ್ನು ಬಿಡಿಸಿ, ಒತ್ತಿ, ಸುಮಾರು 170 ಕಿಲೋ ತೂಕದ ಬೇಲ್ ಕಟ್ಟುವ ಈ ಗಿರಣಿಗಳಲ್ಲಿ ಕಣ್ಣಿಗೆ ಕಾಣುವ ಉರಿಗಿಂತ ಕಾಣದ ಕಾವೇ ಹೆಚ್ಚು ಅಪಾಯಕಾರಿ.

ಅರಳೆಯ ಬಹುಪಾಲು ಸೆಲ್ಯುಲೋಸ್, ಅಂದರೆ ಸಸ್ಯಕೋಶಗಳ ಗೋಡೆ ಕಟ್ಟುವ ನಾರುಪದಾರ್ಥ. ಅದು ಹೊತ್ತಿಕೊಳ್ಳಲು ಸುಮಾರು 400 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾದರೂ, ಹತ್ತಿಯೊಡನೆ ಬಂದ ಕಲ್ಲುಚೂರು ಯಂತ್ರದ ಕಬ್ಬಿಣಕ್ಕೆ ಬಡಿದು ಹಾರುವ ಕಿಡಿ, ಗ್ರೀಸ್ ಕಾಣದ ಬೇರಿಂಗ್, ಅಲಗಿಗೆ ಅತಿಯಾಗಿ ಉಜ್ಜುವ ಚರ್ಮದ ರೋಲರ್, ಇವುಗಳಲ್ಲಿ ಯಾವುದಾದರೂ ಆ ಶಾಖವನ್ನು ಒದಗಿಸಬಲ್ಲದು. ಹತ್ತಿಯನ್ನು ಕೊಳವೆಯಲ್ಲಿ ಎಳೆದೊಯ್ಯುವ ಗಾಳಿಯೇ ಕಿಡಿಯನ್ನೂ ಊದಿ ಮುಂದಕ್ಕೆ ದೂಡುವುದರಿಂದ, ಬೆಂಕಿ ಕಂಡೊಡನೆ ಮೊದಲು ನಿಲ್ಲಿಸಬೇಕಾದದ್ದು ಬ್ಲೋವರ್. 101 ಅಥವಾ 112ಕ್ಕೆ ಕರೆಯೂ ಅದರೊಡನೆಯೇ ಹೋಗಬೇಕು.

ಕಿಡಿಯೊಂದು ಒತ್ತುಯಂತ್ರದವರೆಗೂ ತಲುಪಿಬಿಟ್ಟರೆ ಆಗುವುದು ಒಳಉರಿ, ಅಂದರೆ ಜ್ವಾಲೆಯಿಲ್ಲದೆ ಪದಾರ್ಥದ ಮೈಯಲ್ಲಿಯೇ ಆಮ್ಲಜನಕ ಬೆರೆತು ನಡೆಯುವ ನಿಧಾನದ ದಹನ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅದಕ್ಕೆ ಸಾಕಾಗುತ್ತದೆ, ಸುತ್ತಲಿನ ಅರಳೆ ಕಾವು ಹೊರಹೋಗದಂತೆ ತಡೆಯುತ್ತದೆ. ಹೀಗೆ ಬೂದಿ ಮುಚ್ಚಿದ ಕೆಂಡದಂತಿರುವ ಬೇಲ್ ಕೆಲವು ದಿನಗಳ ಬಳಿಕ ಗೋದಾಮಿನಲ್ಲೋ ಲಾರಿಯಲ್ಲೋ ಭಗ್ಗನೆ ಹೊತ್ತಿಕೊಳ್ಳಬಹುದು. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಮೇಲಿನ ಉರಿಯನ್ನು ನಂದಿಸಿದರೂ ಒಳಗಿನ ಶಾಖವನ್ನು ಇಳಿಸದು; ಸಂಸ್ಕರಿಸದ ಹತ್ತಿಯೆಳೆಯ ಮೇಣದಂಥ ಲೇಪದಿಂದ ಬರಿಯ ನೀರೂ ಜಾರಿಹೋಗುತ್ತದೆಯಾದ್ದರಿಂದ, ನೀರು ಆಳಕ್ಕೆ ಇಂಗುವಂತೆ ಮಾಡುವ ಸಾಬೂನಿನಂಥ ದ್ರಾವಣವನ್ನು ಬೆರೆಸುವುದುಂಟು. ಗೋಡೆಗೆ ತೂಗಿದ ಕೆಂಪು ಬಕೆಟ್‌ಗಳಲ್ಲಿ ಮರಳಿಗಿಂತ ಎಲೆಅಡಿಕೆಯ ಉಗುಳೇ ಹೆಚ್ಚಿರುವ ಕಡೆ ಇದನ್ನೆಲ್ಲ ನಿರೀಕ್ಷಿಸುವುದು ಕಷ್ಟವೇ.

1948ರ ಕಾರ್ಖಾನೆಗಳ ಕಾಯ್ದೆಯ 38ನೇ ಕಲಂ ಪಾರಾಗುವ ದಾರಿ ಮತ್ತು ನಂದಿಸುವ ಸಲಕರಣೆಗಳ ಜೊತೆಗೆ, ಆ ದಾರಿಯ ಪರಿಚಯ ಕಾರ್ಮಿಕರಿಗೆ ಇರಬೇಕೆಂದೂ ವಿಧಿಸಿತ್ತು. ಹಂಗಾಮಿಗಷ್ಟೇ ಬರುವ ಕೂಲಿಕಾರರಿಗೆ ಈ ತರಬೇತಿ ಯಂತ್ರ ತಿರುಗುವ ಮೊದಲೇ ಆಗಬೇಕು, ಏಕೆಂದರೆ ಸುಟ್ಟ ವಾಸನೆ ಮೊದಲು ತಟ್ಟುವುದು ಅವರ ಮೂಗಿಗೇ. ಕಿಡಿ ಕಂಡ ಹೊತ್ತಿನಲ್ಲಿ ಒತ್ತಿದ ಬೇಲ್‌ಗಳಿಗೆ ಗುರುತು ಹಾಕಿ, ಗೋದಾಮಿಗೆ ಸೇರಿಸದೆ ಬಯಲಿನಲ್ಲಿ ಒಂದಕ್ಕೊಂದು ತಾಗದಂತೆ ಹಲವು ದಿನ ಇರಿಸಬೇಕು. ಕಾವು ಕಂಡುಬಂದ ಬೇಲಿನ ಪಟ್ಟಿ ಕತ್ತರಿಸಿದಾಗ ಗಾಳಿ ಒಳನುಗ್ಗಿ ಉರಿ ಏಳಬಹುದಾದ್ದರಿಂದ, ನೀರಿನ ಪೈಪು ಕೈಯಲ್ಲಿರುವಾಗ ಮಾತ್ರ ಅದನ್ನು ಬಿಚ್ಚತಕ್ಕದ್ದು.