ಮಳೆಗಾಲಕ್ಕೆ ಬಿಸಿಲಿನ ಬುತ್ತಿ

ಕೇರಳದ ಗಡಿಗೆ ತಾಗಿಕೊಂಡಿರುವ ಮಂಡೆಕೋಲು ಸುಳ್ಯ ತಾಲೂಕಿನ ಅಡಿಕೆ ತೋಟಗಳ ಊರು. ಮೇ ತಿಂಗಳು ಬಂತೆಂದರೆ ಇಲ್ಲಿನ ಅಂಗಳಗಳಲ್ಲಿ ಹಲಸಿನ ಹಪ್ಪಳದ ಸಾಲುಗಳು ಕಾಣಿಸಿಕೊಳ್ಳುತ್ತವೆ. ಪಕ್ಕದಲ್ಲಿ ಕಾಗೆ ಓಡಿಸಲು ಕೋಲು ಹಿಡಿದ ಮಕ್ಕಳು. ದೊಡ್ಡವರ ಕಣ್ಣು ಮಾತ್ರ ಆಕಾಶದ ಮೇಲೆ. ಪತ್ತನಾಜೆ ಹತ್ತಿರವಾದಂತೆ ಯಾವ ಮಧ್ಯಾಹ್ನವಾದರೂ ಮೋಡ ಕಟ್ಟಬಹುದು. ಹಲಸು ಬಲಿಯುವುದೂ ಬಿಸಿಲು ಮರೆಯಾಗುವುದೂ ಹೆಚ್ಚುಕಡಿಮೆ ಒಟ್ಟಿಗೇ. ಹೀಗಾಗಿ ಇಲ್ಲಿ ಹಪ್ಪಳ ಮಾಡುವುದೆಂದರೆ ಮಳೆಯೊಡನೆ ಪಂದ್ಯ ಕಟ್ಟಿದಂತೆ.

ಹಿಂದೆ ಆಟಿ ತಿಂಗಳ ಊಟ ನಿಂತಿದ್ದುದೇ ಈ ಪಂದ್ಯದ ಮೇಲೆ. ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಹಲಸಿನ ಬೇಳೆ ಅಂದರೆ ಸಾಂತಾಣಿ, ಮಾವಿನ ರಸವನ್ನು ಪದರ ಪದರವಾಗಿ ಹಚ್ಚಿ ಒಣಗಿಸಿದ ಮಾಂಬಳ, ಮಜ್ಜಿಗೆ ಮೆಣಸು, ಪುನರ್ಪುಳಿ ಸಿಪ್ಪೆ, ಒಣಮೀನು ಇವೆಲ್ಲ ಮಳೆಗಾಲದ ದಾಸ್ತಾನು. ಮರದಿಂದ ಇಳಿಸಿದ ಹಲಸು ಹಣ್ಣಾಗಿ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಅದರದೇ ಸೊಳೆಯ ಹಪ್ಪಳ ವರ್ಷವಿಡೀ ಉಳಿಯುತ್ತದೆ. ಇದು ಹೇಗೆ?

ನೀರೇ ಕೀಲಿಕೈ

ಆಹಾರವನ್ನು ಕೆಡಿಸುವ ಬ್ಯಾಕ್ಟೀರಿಯ, ಯೀಸ್ಟ್, ಬೂಸ್ಟು ಎಲ್ಲಕ್ಕೂ ಬದುಕಲು ನೀರು ಬೇಕು. ಆದರೆ ಪದಾರ್ಥದಲ್ಲಿರುವ ನೀರೆಲ್ಲ ಅವುಗಳಿಗೆ ದಕ್ಕುವುದಿಲ್ಲ. ಒಂದಷ್ಟು ನೀರು ಪಿಷ್ಟ, ಸಕ್ಕರೆ, ಉಪ್ಪುಗಳ ಹಿಡಿತದಲ್ಲಿರುತ್ತದೆ. ಜೀವಿಗಳ ಕೈಗೆ ಸಿಗುವ ನೀರಿನ ಪ್ರಮಾಣವನ್ನು ವಿಜ್ಞಾನಿಗಳು ‘ಜಲ ಚಟುವಟಿಕೆ’ ಎಂದು ಕರೆದು 0ಯಿಂದ 1ರವರೆಗಿನ ಅಂಕಿಯಲ್ಲಿ ಅಳೆಯುತ್ತಾರೆ. ಶುದ್ಧ ನೀರಿನದು 1. ಅದು 0.90ಕ್ಕಿಂತ ಇಳಿದರೆ ಹೆಚ್ಚಿನ ಬ್ಯಾಕ್ಟೀರಿಯಗಳು ಬೆಳೆಯಲಾರವು. 0.80ಕ್ಕಿಂತ ಕೆಳಗೆ ಬಹುಪಾಲು ಬೂಸ್ಟುಗಳೂ ಸೋಲುತ್ತವೆ. 0.60ರ ಕೆಳಗೆ ಯಾವುದೂ ಬೆಳೆಯುವುದಿಲ್ಲ. ಹಾಗೆಂದು ಅವು ಸತ್ತವೆಂದು ಅರ್ಥವಲ್ಲ. ನೀರು ಸಿಗುವವರೆಗೆ ಸುಮ್ಮನೆ ಕಾಯುತ್ತಿರುತ್ತವೆ, ಅಷ್ಟೆ.

ಹಪ್ಪಳದ ಹಿಟ್ಟಿಗೆ ಉಪ್ಪು ಹಾಕುವುದು ಬರೀ ರುಚಿಗಲ್ಲ, ಉಪ್ಪೂ ನೀರನ್ನು ಹಿಡಿದಿಡುತ್ತದೆ. ಸೊಳೆಯನ್ನು ಬೇಯಿಸಿದಾಗ ಪಿಷ್ಟ ಅಂಟಾಗಿ, ಹಿಟ್ಟನ್ನು ತೆಳ್ಳಗೆ ಒತ್ತಲು ಬರುತ್ತದೆ. ತೆಳುವಾದಷ್ಟೂ ಒಳಗಿನ ನೀರು ಹೊರಬರುವ ದಾರಿ ಹತ್ತಿರ. ಕೊನೆಗೂ ಉಳಿದುಕೊಂಡ ಅಲ್ಪ ನೀರು ಕಾದ ಎಣ್ಣೆಯಲ್ಲಿ ತಟ್ಟನೆ ಆವಿಯಾಗಿ ಹಿಗ್ಗುವುದರಿಂದಲೇ ಹಪ್ಪಳ ಉಬ್ಬುವುದು!

ಅಟ್ಟದ ಲೆಕ್ಕ

ಒಣಗಲು ಬಿಸಿಲೇ ಬೇಕೆಂದಿಲ್ಲ. ಬೇಕಾದುದು ಬಿಸಿಯಾದ, ಒಣಗಿದ, ಚಲಿಸುವ ಗಾಳಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಜುಲೈ ತಿಂಗಳ ಮಳೆಯಲ್ಲಿ ಅದು ಆಗಲೇ ಮುಕ್ಕಾಲಿಗೂ ಮೀರಿ ತುಂಬಿರುತ್ತದೆ. ಇನ್ನು ಹಪ್ಪಳದ ನೀರಿಗೆ ಜಾಗವೆಲ್ಲಿ? ಅದೇ ಗಾಳಿ ಒಲೆಯ ಬಿಸಿಗೆ 40 ಡಿಗ್ರಿಗೆ ಏರಿದರೆ 51 ಗ್ರಾಂವರೆಗೆ ಹಿಡಿಯಬಲ್ಲದು. ಹಿರಿಯರು ಒಲೆಯ ಮೇಲೆ ಅಟ್ಟ ಕಟ್ಟಿದ್ದರ ಮರ್ಮ ಇದು. ಇಂದಿನ ವಿದ್ಯುತ್ ಡ್ರೈಯರ್ ಕೂಡ ಫ್ಯಾನ್ ಜೋಡಿಸಿದ ಅಟ್ಟವೇ. ತರಕಾರಿ, ಹಣ್ಣುಗಳಿಗೆ ಅದರಲ್ಲಿ 55ರಿಂದ 60 ಡಿಗ್ರಿ ಸಾಕು. ಬೇಗ ಮುಗಿಸೋಣವೆಂದು ಬಿಸಿ ಏರಿಸಿದರೆ ಹೊರಮೈ ಮೊದಲೇ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ತಕ್ಕಡಿ ಹೇಳುವ ಸತ್ಯ

ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗವೊಂದಿದೆ. 2021ರಲ್ಲಿ ಬಾಳೆಕಾಯಿಗೆ ಬೆಲೆ ಕುಸಿದಿದ್ದಾಗ ಪುತ್ತೂರಿನ ‘ಅಡಿಕೆ ಪತ್ರಿಕೆ’ ಬಾಳೆಕಾಯಿ ಹುಡಿಯ ಬಗ್ಗೆ ಆಂದೋಲನವನ್ನೇ ನಡೆಸಿತು. ‘ಬಾಕಾಹು’ ಎಂಬ ಚುಟುಕು ಹೆಸರಿನಲ್ಲಿ ಅದು ಅನೇಕ ಅಡುಗೆಮನೆಗಳನ್ನು ತಲಪಿತು. ಈ ಪ್ರಯೋಗಕ್ಕೂ ಬಾಳೆಕಾಯಿಯೇ ಸಾಕು.

ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿದ ಬಾಳೆಕಾಯಿ 1 ಕಿಲೋ ತೂಗಿಕೊಳ್ಳಿ. ಕಪ್ಪಾಗದಂತೆ ಉಪ್ಪು ಬೆರೆಸಿದ ತೆಳು ಮಜ್ಜಿಗೆಯಲ್ಲಿ ಸ್ವಲ್ಪ ಹೊತ್ತು ಅದ್ದಿ, ನೀರು ಬಸಿದು ಒಣಗಲು ಹರಡಿ. ಬಾಳೆಕಾಯಿಯಲ್ಲಿ ಸುಮಾರು ಶೇ. 70 ನೀರು. ಅಂದರೆ 700 ಗ್ರಾಂ ನೀರು, 300 ಗ್ರಾಂ ಘನಾಂಶ. ಘನಾಂಶ ಎಲ್ಲಿಗೂ ಹೋಗದು. ತೇವ ಶೇ. 10ಕ್ಕೆ ಇಳಿಯಬೇಕಾದರೆ ಆ 300 ಗ್ರಾಂ ಒಟ್ಟು ತೂಕದ ಶೇ. 90 ಆಗಬೇಕು. ಹಾಗಾದರೆ ಒಟ್ಟು ತೂಕ ಸುಮಾರು 333 ಗ್ರಾಂ. 400 ಗ್ರಾಂ ಇರುವಾಗಲೂ ಹೋಳುಗಳು ಕೈಗೆ ಒಣಗಿದಂತೆಯೇ ತೋರಬಹುದು. ಆದರೆ ಅದರಲ್ಲಿ ಇನ್ನೂ 100 ಗ್ರಾಂ, ಅಂದರೆ ಕಾಲು ಭಾಗ ನೀರು! ಡಬ್ಬಿಯಲ್ಲಿ ಬೂಸ್ಟು ಹುಟ್ಟುವುದು ಈ 67 ಗ್ರಾಂ ವ್ಯತ್ಯಾಸದಲ್ಲಿ.

ತಕ್ಕಡಿ ಇಲ್ಲದಿದ್ದರೆ ಹೋಳನ್ನು ಮುರಿದು ನೋಡಿ. ಬಾಗದೆ ಟಕ್ಕೆಂದು ತುಂಡಾಗಬೇಕು. ಪೂರ್ತಿ ಆರಿದ ಮೇಲೆ ಗಾಜಿನ ಭರಣಿಗೆ ಮುಕ್ಕಾಲು ತುಂಬಿ, ಒಂದು ವಾರ ದಿನಕ್ಕೊಮ್ಮೆ ಅಲುಗಾಡಿಸಿ. ಒಳಗೋಡೆಯಲ್ಲಿ ಹನಿ ಕಂಡರೆ ಕೂಡಲೇ ತೆಗೆದು ಮತ್ತೆ ಒಣಗಿಸಿ.

ಕೆರೆದು ತಿನ್ನಬೇಡಿ

ಆಟಿಯಲ್ಲಿ ಡಬ್ಬಿ ತೆರೆದಾಗ ಹಪ್ಪಳದ ಮೇಲೆ ಬಿಳಿಯೋ ಹಸಿರೋ ಹುಡಿ ಕಂಡರೆ ಒರೆಸಿ, ಬಿಸಿಲಿಗಿಟ್ಟು, ಕರಿದು ತಿನ್ನುವುದುಂಟು. ದುಡಿದು ಮಾಡಿದ್ದನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದ ಮೆಕ್ಕೆಜೋಳವನ್ನು ತಿಂದು, ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ಸತ್ತರು. ಬೂಸ್ಟನ್ನು ಒರೆಸಿದರೂ ವಿಷ ಒಳಗೆ ಉಳಿದಿರಬಹುದು. ಮನೆಯಲ್ಲಿ ಬೇಯಿಸುವ, ಕರಿಯುವ ಬಿಸಿಗೆ ಅದು ಪೂರ್ತಿ ನಾಶವಾಗುವುದಿಲ್ಲ. ಬೂಸ್ಟು ಬಂದುದನ್ನು ಎಸೆಯುವುದೇ ಸರಿ, ದನಕರುಗಳಿಗೂ ಹಾಕಬಾರದು.

ಒಣಗಿಸಿದರೆ ‘ಸಿ’ ಜೀವಸತ್ವ ಬಹುಮಟ್ಟಿಗೆ ನಷ್ಟವಾಗುತ್ತದೆ ಎಂಬುದೂ ನೆನಪಿರಲಿ. ನಾರು, ಖನಿಜ, ಪಿಷ್ಟ ಉಳಿಯುತ್ತವೆ. ಆದ್ದರಿಂದ ಒಣ ಆಹಾರ ಹಸಿ ಸೊಪ್ಪು, ಹಣ್ಣುಗಳ ಜೊತೆಗಿರಬೇಕೇ ಹೊರತು ಅವುಗಳ ಬದಲಿಗಲ್ಲ.

ಹಲಸಿನ ಕಾಲದಲ್ಲಿ ಮರದ ಬುಡದಲ್ಲಿ ಕೊಳೆಯುವ ಕಾಯಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಹತ್ತನ್ನಾದರೂ ಈ ಬಾರಿ ಅಂಗಳಕ್ಕೆ ತರಬಹುದು. ಡಬ್ಬಿ ಮುಚ್ಚುವ ಮೊದಲು ಒಂದನ್ನು ಮುರಿದು ನೋಡಿ. ಬಾಗಿದರೆ, ಇನ್ನೂ ಒಂದು ಬಿಸಿಲು ಬೇಕು.